ಜ್ವರ ಬಂದ ಮರುದಿನವೇ ಎಚ್‌ಐವಿ ಟೆಸ್ಟ್ ಮಾಡಿಸಿದೆ, ನೆಗೆಟಿವ್. ಇನ್ನು ಭಯ ಇಲ್ಲ ಅಲ್ವಾ?

ಮಳೆಗಾಲ ಬಂತು, ಈ ಪ್ರಶ್ನೆಯೂ ಬಂತು. ಡೆಂಗಿ ಇಲ್ಲ, ಟೈಫಾಯ್ಡ್ ಇಲ್ಲ ಎಂದು ಲ್ಯಾಬಿನವರು ಹೇಳಿದ ಮೇಲೆ ಕೆಲವರಿಗೆ ಮೂರು ವಾರದ ಹಿಂದೆ ಕಾಂಡೋಮ್ ಇಲ್ಲದೆ ಕಳೆದ ರಾತ್ರಿ ನೆನಪಾಗುತ್ತದೆ.

ಲಕ್ಷಣದ ಮಾತು ಬೇಗ ಮುಗಿಸೋಣ. ಎಚ್‌ಐವಿ ಸೋಂಕು ತಗುಲಿದ 2ರಿಂದ 4 ವಾರದಲ್ಲಿ ಹಲವರಿಗೆ ಜ್ವರ, ಗಂಟಲು ನೋವು, ಮೈಕೈ ನೋವು, ಕುತ್ತಿಗೆಯಲ್ಲಿ ಗಂಟು, ಎದೆ-ಬೆನ್ನಿನ ಮೇಲೆ ಕೆಂಪು ದದ್ದು, ಬಾಯಿಹುಣ್ಣು ಬರಬಹುದು. ಪ್ಲೇಟ್‌ಲೆಟ್ ಇಳಿಯುವುದೂ ಉಂಟು. ಒಂದೆರಡು ವಾರದಲ್ಲಿ ಎಲ್ಲ ತಾನಾಗೇ ಹೋಗುತ್ತದೆ, 'ವೈರಲ್ ಫೀವರ್' ಅಂತ ಮರೆತೂ ಹೋಗುತ್ತದೆ. ಕೆಲವರಿಗೆ ಏನೂ ಬರುವುದೇ ಇಲ್ಲ. ಲಕ್ಷಣ ನೋಡಿಯೇ ಎಚ್‌ಐವಿ ಎಂದು ಯಾರೂ ಹೇಳಲಾರರು. ಆ ರಾತ್ರಿಯ ವಿಷಯ ನೀವೇ ಬಾಯಿಬಿಟ್ಟರೆ ಮಾತ್ರ ಡಾಕ್ಟರಿಗೆ ಹೊಳೆಯುತ್ತದೆ.

ಈಗ ಆ ನೆಗೆಟಿವ್. ಎಷ್ಟು ಸಲ ಹೇಳಿದರೂ 'ನೆಗೆಟಿವ್ ಅಂದ್ರೆ ನೆಗೆಟಿವ್ ತಾನೇ ಸಾರ್?' ಅಂತಲೇ ಕೇಳುತ್ತಾರೆ. ಅಲ್ಲಪ್ಪಾ. ಬೆರಳು ಚುಚ್ಚಿ ಮಾಡುವ ಸಾಮಾನ್ಯ ಟೆಸ್ಟ್ ವೈರಸ್ಸನ್ನು ಹುಡುಕುವುದಿಲ್ಲ. ವೈರಸ್ ವಿರುದ್ಧ ನಿಮ್ಮ ಮೈ ತಯಾರಿಸುವ ಆ್ಯಂಟಿಬಾಡಿಯನ್ನು ಹುಡುಕುತ್ತದೆ. ಕಳ್ಳ ಒಳಗೆ ಬಂದಾಗಿದೆ, ನಾಯಿ ಇನ್ನೂ ಬೊಗಳಿಲ್ಲ. ಈ ಟೆಸ್ಟಿಗೆ ಕೇಳಿಸುವುದು ಬೊಗಳಿದ್ದು ಮಾತ್ರ. ಹಾಗಾಗಿ ಟೆಸ್ಟ್ ಪಟ್ಟಿಯ ಮೇಲೆ, ಟೆಸ್ಟ್ ಸರಿಯಾಗಿ ನಡೆದಿದೆ ಎಂದಷ್ಟೇ ಹೇಳುವ ಕಂಟ್ರೋಲ್ ಗೆರೆ ಒಂದೇ ಮೂಡುತ್ತದೆ, ನೀವು ನಿಟ್ಟುಸಿರು ಬಿಡುತ್ತೀರಿ. ರಕ್ತದಲ್ಲಿ ವೈರಸ್ ಅತಿ ಹೆಚ್ಚು ಇರುವುದು, ಇನ್ನೊಬ್ಬರಿಗೆ ಸುಲಭವಾಗಿ ಹರಡುವುದು ಇದೇ ದಿನಗಳಲ್ಲಿ!

ಆ್ಯಂಟಿಬಾಡಿ ಟೆಸ್ಟಿಗೆ ಸೋಂಕು ಸಿಗಲು, ಅದು ತಗುಲಿದ ದಿನದಿಂದ 23ರಿಂದ 90 ದಿನ ಬೇಕು. ರಕ್ತನಾಳದಿಂದ ರಕ್ತ ತೆಗೆದು ಆ್ಯಂಟಿಬಾಡಿಯ ಜೊತೆಗೆ ವೈರಸ್ಸಿನದೇ ಆದ ಪಿ24 ಪ್ರೋಟೀನನ್ನೂ ನೋಡುವ ನಾಲ್ಕನೇ ತಲೆಮಾರಿನ ಲ್ಯಾಬ್ ಟೆಸ್ಟಿಗೆ 18ರಿಂದ 45 ದಿನ. ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ಆನುವಂಶಿಕ ವಸ್ತುವನ್ನೇ ಹುಡುಕುವ ಟೆಸ್ಟಿಗೆ 10ರಿಂದ 33. ಜ್ವರದ ಹೊತ್ತಿನಲ್ಲಿ ಅನುಮಾನ ಗಟ್ಟಿಯಾಗಿದ್ದರೆ ಡಾಕ್ಟರ ಹತ್ತಿರ ಈ ಕೊನೆಯ ಎರಡರ ಬಗ್ಗೆ ಕೇಳಿ. ಬೆರಳು ಚುಚ್ಚಿಸಿಕೊಂಡು ಬಂದಿದ್ದರೆ ಆ ರಾತ್ರಿಯಿಂದ 90 ದಿನ ಕಳೆದ ಮೇಲೆ ಮತ್ತೊಮ್ಮೆ ಮಾಡಿಸಲೇಬೇಕು. ಅಲ್ಲಿಯವರೆಗೆ ಕಾಂಡೋಮ್ ಬಿಡಬೇಡಿ.

ಯಾರೂ ಕೇಳದ ಇನ್ನೊಂದು ಮಾತು. ಟೆಸ್ಟ್ ಕೇಳಲು ನಾಚಿಕೆಪಟ್ಟು ಸುಮ್ನೆ ರಕ್ತದಾನಕ್ಕೆ ಹೋಗುವವರಿದ್ದಾರೆ, 'ಹೇಗೂ ಅವರೇ ನೋಡ್ತಾರಲ್ಲ' ಅಂತ. ನೋಡುತ್ತಾರೆ, ನಿಜ. ಆದರೆ ಹೊಸ ಸೋಂಕು ಅಲ್ಲಿಯೂ ತಪ್ಪಿಸಿಕೊಳ್ಳಬಹುದು, ಆಗ ಆ ಬಾಟಲಿ ಹೋಗುವುದು ಯಾವುದೋ ಬಾಣಂತಿಗೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಟೆಸ್ಟ್ ಉಚಿತ. ನಿಮ್ಮ ಫಲಿತಾಂಶ ಗುಟ್ಟಾಗಿಡಬೇಕೆಂದು 2017ರ ಎಚ್‌ಐವಿ-ಏಡ್ಸ್ ಕಾಯ್ದೆಯೇ ಹೇಳುತ್ತದೆ. ಹೋಗಲು ಮುಜುಗರವಾದರೆ ಮೊದಲು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಿ.