ಕುದಿಸಿದರೆ ಫ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ

"ಕುದಿಸಿ ಆರಿಸಿ ಕುಡಿತೀವಿ ಸರ್, ಏನಾಗಲ್ಲ ಬಿಡ್ರಿ." ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆಯಿಂದ ಬೋರಿನ ನೀರು ಪರೀಕ್ಷೆಗೆ ತರುವವರು ರಿಪೋರ್ಟಿನಲ್ಲಿ ಫ್ಲೋರೈಡಿನ ಅಂಕಿ ನೋಡಿ ಹೇಳುವ ಮಾತಿದು, ಹೆಚ್ಚಾದರೆ ಹಲ್ಲು ಮೂಳೆ ಕೆಡಿಸುವಂಥದ್ದು ಅದು. ಓದಿದವರು ಇನ್ನೂ ಧೈರ್ಯವಾಗಿ ಹೇಳುತ್ತಾರೆ.

ಕುದಿಸಿದರೆ ಸಾಯುವುದು ಜೀವ ಇರುವಂಥದ್ದು. ಫ್ಲೋರೈಡ್ ಎಂದರೆ ಫ್ಲೋರಿನ್ ಎಂಬ ಧಾತುವಿನ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಕಣ. ಒಲೆಯ ಉರಿಗೆ ಅದು ಒಡೆಯುವುದೂ ಇಲ್ಲ, ಹಾರುವುದೂ ಇಲ್ಲ. ಲೆಕ್ಕ ಹಾಕಿ ನೋಡಿ. ಲೀಟರಿಗೆ 1.4 ಮಿಲಿಗ್ರಾಂ ಫ್ಲೋರೈಡ್ ಇರುವ 5 ಲೀಟರ್ ನೀರಲ್ಲಿ ಒಟ್ಟು 7 ಮಿಲಿಗ್ರಾಂ ಇರುತ್ತದೆ. ಕುದಿದು 4 ಲೀಟರಿಗೆ ಇಳಿದಾಗಲೂ ಪಾತ್ರೆಯಲ್ಲಿರುವುದು ಅದೇ 7. ಅಂದರೆ ಲೀಟರಿಗೆ 1.75. ಭಾರತೀಯ ಮಾನಕದ ಪ್ರಕಾರ 1.0 ಇರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಮಿತಿಯೊಳಗಿದ್ದ ನೀರನ್ನು ನೀವೇ ಗ್ಯಾಸ್ ಸುಟ್ಟು ಮಿತಿ ದಾಟಿಸಿದಿರಿ. ರೋಗಾಣುವಿಗೆ ಕುದಿಸುವುದು ಸರಿಯೇ, ಬಿಡಬೇಡಿ. ಆದರೆ ಆ ಕೆಲಸವೇ ಬೇರೆ.

ಈ ಧಾತುವಿನ ಹಟ ಗೊತ್ತಾಗಬೇಕಾದರೆ ಅದನ್ನು ಹಿಡಿಯಲು ಹೋದವರ ಪಾಡು ನೋಡಬೇಕು. 1771ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ, ಫ್ಲೋರಿನ್ ಅಡಗಿರುವ ಫ್ಲೋರೈಟ್ ಎಂಬ ಕಲ್ಲಿಗೆ ಗಂಧಕಾಮ್ಲ ಹಾಕಿ ಕಾಯಿಸಿದಾಗ ಹೊರಟ ಆವಿ ಗಾಜಿನ ಪಾತ್ರೆಯನ್ನೇ ತಿಂದಿತು. ಒಳಗೊಂದು ಹೊಸ ಧಾತು ಇದೆ ಎಂದು ವಿಜ್ಞಾನಿಗಳಾದ ಆಂಪಿಯರ್, ಡೇವಿ ಊಹಿಸಿದರು. ಬಿಡಿಸಿಕೊಳ್ಳಲು ಮಾತ್ರ ಯಾರಿಗೂ ಆಗಲಿಲ್ಲ. ಐರ್ಲೆಂಡಿನ ನಾಕ್ಸ್ ಸಹೋದರರು ವಿಷವೇರಿ ನರಳಿದರು. ಬೆಲ್ಜಿಯಂನ ಲುಯೆ, ಫ್ರಾನ್ಸಿನ ನಿಕ್ಲೆ ಜೀವವನ್ನೇ ಕೊಟ್ಟರು. ಕೊನೆಗೆ ಹಿಡಿದದ್ದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆನ್ರಿ ಮೊಯ್ಸಾನ್, 1886ರ ಜೂನ್ 26ರಂದು ಪ್ಯಾರಿಸ್ಸಿನಲ್ಲಿ. ಪ್ಲಾಟಿನಂನ ಯು-ಆಕಾರದ ನಳಿಗೆ, ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿ, ನೀರಿನ ಅಂಶವಿಲ್ಲದ ಹೈಡ್ರೋಫ್ಲೋರಿಕ್ ಆಮ್ಲ, ಅದರ ಮೂಲಕ ವಿದ್ಯುತ್. ನಳಿಗೆಯ ಬಿರಡೆಗಳನ್ನು ಫ್ಲೋರೈಟ್ ಕಲ್ಲಿನಿಂದಲೇ ಕೊರೆಸಿದ್ದರು. ಆಗಲೇ ಹೊಟ್ಟೆ ತುಂಬ ಫ್ಲೋರಿನ್ ಉಂಡ ಕಲ್ಲು ಅದು, ಇನ್ನಷ್ಟು ಬಂದರೆ ಅದಕ್ಕೇನು? ಹೊರಬಂದ ಅನಿಲ ತಾಕಿದೊಡನೆ ಸಿಲಿಕಾನ್ ಹರಳು ಹೊತ್ತಿಕೊಂಡಿತು.

ಫ್ರೆಂಚ್ ವಿಜ್ಞಾನ ಅಕಾಡೆಮಿಯ ಹಿರಿಯರು ಪರೀಕ್ಷಿಸಲು ಬಂದ ದಿನ ಉಪಕರಣ ಕೈಕೊಟ್ಟಿತು. ಕಾರಣ ಸೊಗಸಾಗಿದೆ: ದೊಡ್ಡವರು ಬರುತ್ತಾರೆಂದು ಆಮ್ಲವನ್ನು ಅತಿಯಾಗಿ ಶುದ್ಧ ಮಾಡಿದ್ದರು. ಶುದ್ಧ ಆಮ್ಲದಲ್ಲಿ ವಿದ್ಯುತ್ ಹರಿಯುವುದಿಲ್ಲ. ಪೊಟ್ಯಾಸಿಯಂ ಫ್ಲೋರೈಡ್ ಲವಣ ಬೆರೆಸಿದ ಮೇಲೆ ಕೆಲಸ ಆಯಿತು.

ಆ ಲವಣದ ಸಂಗತಿಯೇ ನಿಮ್ಮ ಜೇಬಿನ ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಘನಾಂಶ) ಮೀಟರಿನದೂ. ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು ಮಾತ್ರ. ಯಾವ ಲವಣ ಎಂದು ಅದಕ್ಕೆ ತಿಳಿಯದು. 600 ಟಿಡಿಎಸ್‌ನಲ್ಲಿ 2 ಮಿಲಿಗ್ರಾಂ ಫ್ಲೋರೈಡ್ ಎಂದರೆ ಮೀಟರಿನ ತಪ್ಪಿನೊಳಗೇ ಮುಳುಗಿಹೋಗುವ ಅಂಕಿ. ಇನ್ನೊಂದು ಮೋಸವಿದೆ. ಗಡಸು ನೀರು ಕುದಿಸಿದರೆ ಸುಣ್ಣದಂಶ ಪಾತ್ರೆಯ ತಳಕ್ಕೆ ಬಿಳಿ ಪಕಳೆಯಾಗಿ ಅಂಟಿ ಟಿಡಿಎಸ್ ಇಳಿಯುತ್ತದೆ. "ನೋಡಿ, ಕಡಿಮೆ ಆಯ್ತು" ಎನ್ನುತ್ತಾರೆ. ಇಳಿದದ್ದು ಮುಖ್ಯವಾಗಿ ಕ್ಯಾಲ್ಸಿಯಂ. ನಾಲಿಗೆಯನ್ನೂ ನಂಬಬೇಡಿ. ನಮ್ಮ ಗ್ರಾನೈಟ್, ನೈಸ್ ಬಂಡೆಗಳ ಅಪಟೈಟ್, ಅಭ್ರಕ ಎಂಬ ಖನಿಜಗಳಿಂದ ಫ್ಲೋರೈಡ್ ನೀರಿಗಿಳಿಯುತ್ತದೆ. ನೀರಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೂರಿಸುತ್ತದೆ. ಇಲ್ಲದಿದ್ದರೆ ಕರಗಿಯೇ ಉಳಿಯುತ್ತದೆ. ಹಾಗಾಗಿ ಬೇಳೆ ಚೆನ್ನಾಗಿ ಬೇಯುವ "ಸಿಹಿನೀರಿ"ನಲ್ಲೇ ಫ್ಲೋರೈಡ್ ಜಾಸ್ತಿ ಸಿಗಬಹುದು. ಪಕ್ಕದ ಹೊಲದ ಬೋರಿನ ರಿಪೋರ್ಟ್ ನಿಮ್ಮ ಬೋರಿಗೆ ಆಗುವುದಿಲ್ಲ.

ಮಾದರಿ ತರುವಾಗ ಮೋಟಾರ್ 10-15 ನಿಮಿಷ ಓಡಿಸಿ, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ಗಲಬರಿಸಿ ತುಂಬಿ. ಪಟಿಕವನ್ನೋ ಬ್ಲೀಚಿಂಗ್ ಪೌಡರನ್ನೋ ಹಾಕಿದ್ದರೆ ಮುಚ್ಚಿಡಬೇಡಿ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಜಿರ್ಕೋನಿಯಂ ಸೇರಿಸಿದ ಕೆಂಪು ಬಣ್ಣದ ದ್ರಾವಣ ಬಳಸುತ್ತೇವೆ. ಫ್ಲೋರೈಡ್ ಜಿರ್ಕೋನಿಯಂ ಅನ್ನು ಕಿತ್ತುಕೊಂಡಷ್ಟೂ ಕೆಂಪು ಪೇಲವವಾಗುತ್ತದೆ. ಆ ಪೇಲವತನವೇ ನಮ್ಮ ಅಂಕಿ. ಪಟಿಕದ ಅಲ್ಯೂಮಿನಿಯಂ ಇದ್ದರೆ ಅದೇ ಫ್ಲೋರೈಡನ್ನು ಹಿಡಿದಿಟ್ಟುಕೊಂಡು ಅಂಕಿಯನ್ನು ಸುಳ್ಳಾಗಿ ಇಳಿಸುತ್ತದೆ. ಕ್ಲೋರಿನ್ ಬಣ್ಣವನ್ನೇ ಕೆಡಿಸುತ್ತದೆ. ಮೊದಲೇ ಹೇಳಿದರೆ ಅದಕ್ಕೆ ಉಪಾಯವಿದೆ.

ಫ್ಲೋರೈಡ್ ತೆಗೆಯುವ ದಾರಿಗಳು ಕೆಲವೇ. ನಲ್ಗೊಂಡ ವಿಧಾನದಲ್ಲಿ ಪಟಿಕ, ಅದರ ಸುಮಾರು ಇಪ್ಪತ್ತನೇ ಒಂದು ಭಾಗ ಸುಣ್ಣ, ಹತ್ತು ನಿಮಿಷ ನಿಧಾನ ಕದಡುವುದು, ಒಂದು ಗಂಟೆ ತಳ ಕೂರಿಸುವುದು. ಪಟಿಕದ ಪ್ರಮಾಣ ನಿಮ್ಮ ನೀರಿನ ಫ್ಲೋರೈಡ್, ಕ್ಷಾರತೆ ನೋಡಿಯೇ ನಿಗದಿಯಾಗಬೇಕು. ಅಂದಾಜಿಗೆ ಸುರಿದರೆ ಅಲ್ಯೂಮಿನಿಯಂ ಕುಡಿದ ಹಾಗೆ. ಆಕ್ಟಿವೇಟೆಡ್ ಅಲ್ಯೂಮಿನಾ ಫಿಲ್ಟರ್ ಒಳ್ಳೆಯದು, ಆದರೆ ಅದು ತುಂಬಿದ ಮೇಲೆ ಕಾಸ್ಟಿಕ್ ಸೋಡಾದಿಂದ ತೊಳೆದು ಆಮ್ಲದಿಂದ ಸರಿಪಡಿಸದಿದ್ದರೆ ಬರೀ ಮರಳಿನ ಡಬ್ಬ. ಮಕ್ಕಳ ಹಲ್ಲು ರೂಪುಗೊಳ್ಳುವ ಎಂಟು ವರ್ಷದವರೆಗಂತೂ ಈ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಹಲ್ಲಿಗೆ ಆಗಲೇ ಬಿದ್ದ ಕಂದು ಕಲೆ ನೀರು ಬದಲಿಸಿದರೆ ಹೋಗುವುದಿಲ್ಲ. ಕೀಲುನೋವಿಗೆ ಕಾರಣ ಫ್ಲೋರೈಡೇ ಎಂದು ನೀರಿನ ರಿಪೋರ್ಟ್ ನೋಡಿ ಹೇಳಲಾಗದು, ಅದಕ್ಕೆ ಡಾಕ್ಟರರೇ ಬೇಕು.

ಆರ್‌ಒ ಹಾಕಿಸಿದವರಿಗೆ ಒಂದು ಪ್ರಶ್ನೆ: ಫಿಲ್ಟರ್ ಬೇಡವೆಂದು ಹೊರಬಿಡುವ ನೀರಿನ ರಿಜೆಕ್ಟ್ ಪೈಪ್ ಎಲ್ಲಿಗೆ ಬಿಟ್ಟಿದ್ದೀರಿ? 2 ಮಿಲಿಗ್ರಾಂನ ನೀರಲ್ಲಿ ಅರ್ಧ ಕುಡಿಯಲು ಬಂದರೆ ಉಳಿದರ್ಧದಲ್ಲಿ ಹೆಚ್ಚೂಕಡಿಮೆ 4 ಇರುತ್ತದೆ. ಅದನ್ನು ಬೋರಿನ ಪಕ್ಕದ ಇಂಗುಗುಂಡಿಗೆ ಬಿಟ್ಟವರಿದ್ದಾರೆ, ನೀರು ಉಳಿಸಿದೆವು ಎಂಬ ಸಮಾಧಾನ ಬೇರೆ. ಆ ಪೈಪನ್ನು ಪಾಯಿಖಾನೆಗೋ ನೆಲ ತೊಳೆಯುವ ತೊಟ್ಟಿಗೋ ತಿರುಗಿಸಿ. ದನದ ಬಾನಿಗೆ ಮಾತ್ರ ಬೇಡ, ಅವಕ್ಕೂ ಹಲ್ಲು ಮೂಳೆ ಇವೆ.