ಟೇಪು ಹಿಡಿದದ್ದು ಯಾವ ದಿನ?

ಎರಡು ಲ್ಯಾಬ್ ರಿಪೋರ್ಟ್ ಪಕ್ಕಪಕ್ಕ ಇಟ್ಟುಕೊಂಡು ಶುರು ಮಾಡೋಣ. ರೋಗಿ ನನ್ನ ಕಲ್ಪನೆಯವನು. ಆದರೆ ಡಿ-ಅಡಿಕ್ಷನ್ ವಾರ್ಡಿನಲ್ಲಿ ಕೆಲಸ ಮಾಡುವವರು ಇಂಥವನನ್ನು ನೋಡಿಯೇ ಇರುತ್ತಾರೆ.

ವಯಸ್ಸು 42. ಕೊನೆಯ ಸಲ ಕುಡಿದು ಎರಡು ದಿನ ಆಗಿದೆ. ಕೈ ನಡುಗುತ್ತಿದೆ, ಬೆವರು ಇಳಿಯುತ್ತಿದೆ. ಬಿಪಿ 152/96. ರಕ್ತದಲ್ಲಿರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬು 420. 'ಒಳ್ಳೇ ಕೊಲೆಸ್ಟ್ರಾಲ್' ಎನ್ನುವ ಎಚ್‌ಡಿಎಲ್ 54. ಖಾಲಿ ಹೊಟ್ಟೆಯ ಶುಗರ್ 90. ಸೊಂಟದ ಸುತ್ತಳತೆ 86 ಸೆಂ.ಮೀ.

ಮೂರು ತಿಂಗಳ ನಂತರ ಅದೇ ಮನುಷ್ಯ. ಒಂದು ಹನಿ ಮುಟ್ಟಿಲ್ಲ. ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ. ಬಿಪಿ 126/82. ಟ್ರೈಗ್ಲಿಸರೈಡ್ 140. ಎಚ್‌ಡಿಎಲ್ 37. ಶುಗರ್ 104. ಸೊಂಟ 92.

ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಹೃದ್ರೋಗ ಮತ್ತು ಡಯಾಬಿಟಿಸ್ ಅಪಾಯ ಹೆಚ್ಚಿಸುವ ತೊಂದರೆಗಳ ಗುಂಪು, ಇದೆಯಾ ಇಲ್ಲವಾ ಅಂತ ಹೇಳಲು ಈಗ ಬಳಕೆಯಲ್ಲಿರುವ ನಿಯಮ ಸುಲಭದ್ದು. ಐದು ಅಳತೆಗಳಲ್ಲಿ ಮೂರು ಗೆರೆ ದಾಟಿದ್ದರೆ ಇದೆ. ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು. ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ. ಬಿಪಿಯಲ್ಲಿ ಮೇಲಿನದು 130 ಅಥವಾ ಕೆಳಗಿನದು 85 ಮುಟ್ಟಿರಬೇಕು. ಖಾಲಿ ಹೊಟ್ಟೆಯ ಶುಗರ್ 100 ಅಥವಾ ಹೆಚ್ಚು. ಸೊಂಟದ ಗೆರೆ ಜನಾಂಗದಿಂದ ಜನಾಂಗಕ್ಕೆ ಬೇರೆ. ದಕ್ಷಿಣ ಏಷ್ಯಾದವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80.

ಈಗ ಎಣಿಸಿ ನೋಡಿ. ನಡುಗುತ್ತಾ ಬಂದ ದಿನ ಅವನು ದಾಟಿದ್ದು ಎರಡೇ ಗೆರೆ: ಬಿಪಿ ಮತ್ತು ಟ್ರೈಗ್ಲಿಸರೈಡ್. ಸಿಂಡ್ರೋಮ್ ಇಲ್ಲ. ಮೂರು ತಿಂಗಳು ಕುಡಿಯದೆ ಇದ್ದ ಮೇಲೆ ಆ ಎರಡೂ ಸರಿಹೋದವು, ಉಳಿದ ಮೂರು ಕೆಟ್ಟವು. ಸಿಂಡ್ರೋಮ್ ಇದೆ. ಕುಡಿಯುವಾಗ ಇಲ್ಲದ ಕಾಯಿಲೆ ಬಿಟ್ಟ ಮೇಲೆ ಬಂತು ಅಂತ ಫೈಲು ಹೇಳುತ್ತದೆ. ಫೈಲು ಸುಳ್ಳು ಹೇಳುತ್ತಿಲ್ಲ, ಆದರೆ ಪೂರ್ತಿ ಕಥೆಯನ್ನೂ ಹೇಳುತ್ತಿಲ್ಲ. ಇಂಥ ಪೇಚಿಗೆ ನಾವು ಬಂದು ನಿಂತದ್ದು ಹೇಗೆ?

ಮದ್ಯ ಮತ್ತು ಬಿಪಿಯ ನಂಟು ಹೊಸದೇನಲ್ಲ. 1915ರಲ್ಲೇ ಕಮೀಲ್ ಲಿಯಾನ್ ಎಂಬ ಫ್ರೆಂಚ್ ವೈದ್ಯರು ಸೈನಿಕರನ್ನು ಪರೀಕ್ಷಿಸಿ, ಜಾಸ್ತಿ ಕುಡಿಯುವವರಲ್ಲಿ ರಕ್ತದೊತ್ತಡ ಜಾಸ್ತಿ ಅಂತ ಬರೆದಿದ್ದರು. ಎಂಟು ವರ್ಷದ ನಂತರ, 1923ರಲ್ಲಿ, ಸ್ವೀಡನ್ನಿನ ವೈದ್ಯ ಎಸ್ಕಿಲ್ ಕೈಲಿನ್ ಇನ್ನೊಂದು ದಾರಿಯಲ್ಲಿ ಬಂದರು. ಬಿಪಿ, ಶುಗರ್, ಯೂರಿಕ್ ಆಸಿಡ್ ಈ ಮೂರೂ ಒಬ್ಬರಲ್ಲೇ ಒಟ್ಟಿಗೆ ಏರುವುದನ್ನು ಗುರುತಿಸಿದರು. 1947ರಲ್ಲಿ ಫ್ರಾನ್ಸಿನ ಮಾರ್ಸೇಯ ವೈದ್ಯ ಝಾನ್ ವಾಗ್, ಬೊಜ್ಜು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ ಎಂದರು. ಹೊಟ್ಟೆಯ ಬೊಜ್ಜು ತೊಡೆಯ ಬೊಜ್ಜಿಗಿಂತ ಅಪಾಯ.

1988ರಲ್ಲಿ ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ ಇಂಥ ಬಿಡಿ ಎಳೆಗಳಲ್ಲಿ ಕೆಲವನ್ನು ಸೇರಿಸಿ ಗಂಟು ಹಾಕಿದರು. ಇನ್ಸುಲಿನ್‌ಗೆ ದೇಹ ಬಗ್ಗದಿರುವುದೇ ಎಲ್ಲದರ ಬೇರು ಎಂದು ವಾದಿಸಿ, ಅದಕ್ಕೆ ಸಿಂಡ್ರೋಮ್ ಎಕ್ಸ್ ಅಂತ ಹೆಸರಿಟ್ಟರು. ಆಮೇಲೆ ಶುರುವಾಯಿತು ವ್ಯಾಖ್ಯೆಗಳ ಜಾತ್ರೆ. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯದು ಒಂದು. 2001ರಲ್ಲಿ ಅಮೆರಿಕದ ಕೊಲೆಸ್ಟ್ರಾಲ್ ಸಮಿತಿಯದು ಇನ್ನೊಂದು. ಐದರಲ್ಲಿ ಮೂರು ಎಂಬ ಲೆಕ್ಕ ಬಂದದ್ದು ಇದರಿಂದ. 2005ರಲ್ಲಿ ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ, ಸೊಂಟ ದಪ್ಪ ಇರಲೇಬೇಕು, ಇಲ್ಲದಿದ್ದರೆ ಮುಂದೆ ನೋಡುವುದೇ ಬೇಡ ಎಂದಿತು. 2009ರಲ್ಲಿ ಹಲವು ಸಂಸ್ಥೆಗಳು ಕೂತು ರಾಜಿ ಮಾಡಿಕೊಂಡು, ಸೊಂಟವನ್ನು ಮತ್ತೆ ಐದರಲ್ಲಿ ಒಂದು ಮಾಡಿದವು. ತಮಾಷೆ ಅಂದರೆ, ಅಷ್ಟರಲ್ಲಿ ರೀವನ್ ಅವರೇ ಇಂಥ ಡಯಾಗ್ನೋಸಿಸ್ ನಿಜಕ್ಕೂ ಬೇಕಾ ಅಂತ ಕೇಳಲು ಶುರು ಮಾಡಿದ್ದರು.

ಈ ಚರ್ಚೆಯೆಲ್ಲ ನಡೆದದ್ದು ಹೃದಯ ಮತ್ತು ಶುಗರ್ ವೈದ್ಯರ ನಡುವೆ. ಅವರ ಕಣ್ಣಮುಂದೆ ಇದ್ದದ್ದು ದಿನವೂ ಉಂಡು ಮಲಗುವ, ತೂಕ ಮೆಲ್ಲಗೆ ಏರುವ ದೇಹ. ವಾರಗಟ್ಟಲೆ ಕುಡಿದು, ಊಟ ಬಿಟ್ಟು, ವಾಂತಿ ಮಾಡಿಕೊಂಡು, ಆಮೇಲೆ ಒಂದು ದಿನ ಥಟ್ಟನೆ ನಿಲ್ಲಿಸುವ ದೇಹ ಅವರ ಲೆಕ್ಕದಲ್ಲಿ ಇರಲಿಲ್ಲ.

ಮದ್ಯ ಆ ಐದು ಅಳತೆಗಳಲ್ಲಿ ಒಂದನ್ನೂ ಸುಮ್ನೆ ಬಿಡುವುದಿಲ್ಲ. ಲಿವರ್ ಮದ್ಯವನ್ನು ಒಡೆಯುವುದರಲ್ಲೇ ಮುಳುಗಿರುವಾಗ ಕೊಬ್ಬು ಸುಡುವ ಕೆಲಸ ಹಿಂದೆ ಬೀಳುತ್ತದೆ. ಸುಡದ ಕೊಬ್ಬು ಟ್ರೈಗ್ಲಿಸರೈಡ್ ಆಗಿ ರಕ್ತಕ್ಕೆ ಬರುತ್ತದೆ. ಕೆಲವರ ರಕ್ತ ತೆಗೆದು ಸ್ವಲ್ಪ ಹೊತ್ತು ಟ್ಯೂಬಿನಲ್ಲಿ ಇಟ್ಟರೆ ಕಣ್ಣಿಗೇ ಕಾಣುತ್ತದೆ. ಕೆಳಗೆ ಕೆಂಪು ಕಣಗಳು ಕೂತಿರುತ್ತವೆ. ಮೇಲೆ ತಿಳಿ ಹಳದಿ ಸೀರಮ್ ನಿಲ್ಲಬೇಕಾದ ಜಾಗದಲ್ಲಿ ಹಾಲು ಸುರಿದ ಹಾಗೆ ಬೆಳ್ಳಗೆ, ಮಂದವಾಗಿ ನಿಂತಿರುತ್ತದೆ. ಕುಡಿತ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಇದು ತಿಳಿಯಾಗುತ್ತದೆ. ಅಂದರೆ ಮೊದಲ ದಿನದ 420 ಸಿಂಡ್ರೋಮಿನದಾ, ಹಿಂದಿನ ವಾರದ ಬಾಟಲಿಯದಾ ಅಂತ ಆ ದಿನ ಹೇಳಲು ಬರುವುದಿಲ್ಲ.

ಬಿಪಿಯ ಕಥೆಯೂ ಹೀಗೇ. ಕುಡಿತದಿಂದ ಏರುತ್ತದೆ. ಥಟ್ಟನೆ ನಿಲ್ಲಿಸಿದಾಗ ನರಮಂಡಲ ಕೆರಳಿ ಇನ್ನೂ ಏರುತ್ತದೆ. ಎರಡನೇ ಮೂರನೇ ದಿನ ಇದರ ಉತ್ತುಂಗ. ರೋಗಿಗಳು ವಾರ್ಡಿಗೆ ಬರುವುದೂ ಸಾಮಾನ್ಯವಾಗಿ ಅದೇ ಹೊತ್ತಿಗೆ.

ಶುಗರ್ ಮಾತ್ರ ಉಲ್ಟಾ. ಊಟ ಇಲ್ಲದೆ ಕುಡಿದವರಲ್ಲಿ ಲಿವರ್ ಹೊಸ ಗ್ಲೂಕೋಸ್ ತಯಾರಿಸಲು ಆಗದೆ ಶುಗರ್ ಕುಸಿಯಬಹುದು. ಅದೇ ಮದ್ಯ ವರ್ಷಗಟ್ಟಲೆ ಮೇದೋಜೀರಕ ಗ್ರಂಥಿಯನ್ನು ಕೆಡಿಸಿ ಡಯಾಬಿಟಿಸ್ ತರಲೂಬಹುದು. ಹಾಗಾದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ನೋಡಿದರೆ ಆಯಿತಲ್ವಾ? ಅದೂ ಇಲ್ಲಿ ಅಷ್ಟು ಗಟ್ಟಿ ಸಾಕ್ಷಿಯಲ್ಲ. ರಕ್ತಹೀನತೆ ಇದ್ದು ಕೆಂಪು ಕಣಗಳು ಬೇಗ ಸಾಯುತ್ತಿದ್ದರೆ ಅಂಕಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಸೊಂಟ ಅಳೆಯಲು ಟೇಪನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ ಹಿಡಿಯಬೇಕು. ಲಿವರ್ ಕೆಟ್ಟವರಲ್ಲಿ ಆ ಟೇಪು ನೀರು ತುಂಬಿದ ಹೊಟ್ಟೆಯ ಸುತ್ತ ಹೋಗುತ್ತದೆ. ತೋಳು ಕಾಲು ಕಡ್ಡಿಯಂತೆ ಸೊರಗಿವೆ, ಹೊಟ್ಟೆ 98 ಸೆಂ.ಮೀ. ಇದನ್ನು ಬೊಜ್ಜು ಅಂತ ಬರೆದುಕೊಂಡರೆ ಅಷ್ಟೇ ಕಥೆ.

ಎಲ್ಲಕ್ಕಿಂತ ಮೋಸಗಾರ ಎಚ್‌ಡಿಎಲ್. ಮದ್ಯ ಈ 'ಒಳ್ಳೇ ಕೊಲೆಸ್ಟ್ರಾಲ್' ಅನ್ನು ಏರಿಸುತ್ತದೆ. ಹಾಗಾಗಿ ಕುಡಿಯುವವರು ಈ ಒಂದು ಗೆರೆಯಿಂದ ಬಚಾವಾಗುತ್ತಾರೆ. 1992ರಲ್ಲಿ ಫ್ರೆಂಚರ ಕಡಿಮೆ ಹೃದ್ರೋಗಕ್ಕೆ ವೈನ್ ಕಾರಣ ಇರಬಹುದು ಎಂಬ ವಾದ ಹಬ್ಬಿದ ಮೇಲೆ, ಮದ್ಯ ಎಚ್‌ಡಿಎಲ್ ಏರಿಸುತ್ತದೆ ಅನ್ನುವುದು ಕುಡಿತದ ಪರವಾದ ದಾಖಲೆಯೇ ಆಗಿಬಿಟ್ಟಿತು. ಆದರೆ ಎಚ್‌ಡಿಎಲ್ ಏರಿಸುವ ಟಾರ್ಸೆಟ್ರಪಿಬ್ ಮಾತ್ರೆಯ ದೊಡ್ಡ ಪ್ರಯೋಗವನ್ನು 2006ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಎಚ್‌ಡಿಎಲ್ ಏರಿತು, ಸಾವೂ ಏರಿತು. ಹುಟ್ಟಿನಿಂದಲೇ ಎಚ್‌ಡಿಎಲ್ ಜಾಸ್ತಿ ಮಾಡುವ ಜೀನ್ ಇರುವವರಿಗೂ ಹೃದಯಾಘಾತ ಕಡಿಮೆಯೇನಲ್ಲ ಅಂತ 2012ರಲ್ಲಿ ಗೊತ್ತಾಯಿತು. ಆದರೂ ಐದು ಗೆರೆಗಳ ಪಟ್ಟಿಯಲ್ಲಿ ಕುಡುಕನ ಎಚ್‌ಡಿಎಲ್ 54 ಇವತ್ತಿಗೂ 'ನಾರ್ಮಲ್'.

ಓಪಿಯಾಯ್ಡ್ (ಅಫೀಮು, ಹೆರಾಯಿನ್‌ನಂಥವು) ಕಡೆಯ ಇತಿಹಾಸ ಇನ್ನೂ ವಿಚಿತ್ರ. ಇನ್ಸುಲಿನ್ ಬರುವ ಮೊದಲು ಅಫೀಮು ಸಕ್ಕರೆ ಕಾಯಿಲೆಗೆ ಔಷಧಿಯೇ ಆಗಿತ್ತು. ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ 1892ರ ತಮ್ಮ ಪಠ್ಯಪುಸ್ತಕದಲ್ಲಿ, ಉಳಿದ ಔಷಧಿಗಳ ನಡುವೆ ಅನುಭವದ ಪರೀಕ್ಷೆಯಲ್ಲಿ ನಿಂತದ್ದು ಇದೊಂದೇ ಅಂತ ಬರೆದರು. ಅಫೀಮು ಶುಗರ್‌ಗೂ ಹೃದಯಕ್ಕೂ ಒಳ್ಳೆಯದು ಎಂಬ ನಂಬಿಕೆ ಇರಾನಿನಲ್ಲಿ ತೀರಾ ಈಚಿನವರೆಗೂ ಉಳಿದುಕೊಂಡಿತ್ತು. ಅಲ್ಲಿನ ಗೋಲೆಸ್ತಾನ್ ಪ್ರಾಂತ್ಯದಲ್ಲಿ 50,000 ಜನರನ್ನು ವರ್ಷಗಟ್ಟಲೆ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಫೀಮು ಸೇವಿಸುವವರ ಸಾವಿನ ಪ್ರಮಾಣ ಉಳಿದವರ ಸುಮಾರು ಎರಡರಷ್ಟಿತ್ತು. ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸತ್ತವರೂ ಅದರಲ್ಲಿ ಜಾಸ್ತಿ.

ಈ ಕಥೆಯಲ್ಲಿ ನನಗೆ ಇಷ್ಟವಾದ ಪಾತ್ರ ವಿನ್ಸೆಂಟ್ ಡೋಲ್. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಬೊಜ್ಜು ಮತ್ತು ಕೊಬ್ಬಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದವರು. 1960ರ ದಶಕದಲ್ಲಿ ಹೆರಾಯಿನ್ ವ್ಯಸನದ ಕಡೆ ತಿರುಗಿದರು. 1965ರಲ್ಲಿ ಮನೋವೈದ್ಯೆ ಮೇರಿ ನಿಸ್ವಾಂಡರ್ ಜೊತೆ 22 ರೋಗಿಗಳಿಗೆ ಹೆರಾಯಿನ್ ಬದಲು ಮೆಥಡೋನ್ ಎಂಬ ಓಪಿಯಾಯ್ಡ್ ಔಷಧಿ ಕೊಟ್ಟ ವರದಿ ಪ್ರಕಟಿಸಿದರು. ಎರಡು ವರ್ಷದ ನಂತರ ಹೆರಾಯಿನ್ ವ್ಯಸನವನ್ನೇ ಒಂದು 'ಮೆಟಬಾಲಿಕ್ ಕಾಯಿಲೆ' ಎಂದು ಕರೆದರು. ಅವರ ಅರ್ಥ ಬೇರೆ ಇತ್ತು: ಇದು ನಡತೆಯ ದೋಷವಲ್ಲ, ದೇಹದ ಒಳಗಿನ ಬದಲಾವಣೆ ಅಂತ. ಮುಂದೆ ಅವರ ಚಿಕಿತ್ಸೆ ಪಡೆದವರ ತೂಕ ಏರಿ, ಮೆಟಬಾಲಿಕ್ ಎಂಬ ಪದ ಇನ್ನೊಂದು ಅರ್ಥದಲ್ಲಿ ಅದೇ ರೋಗಿಗಳ ಬೆನ್ನು ಹತ್ತಿತು.

ಹೆರಾಯಿನ್ ಚಟ ಜೋರಾಗಿರುವಾಗ ಹೆಚ್ಚಿನವರು ಸಣಕಲು. ಸೊಂಟದ ಟೇಪು ಏನೂ ಹೇಳುವುದಿಲ್ಲ. ಸೊಂಟವೇ ಕಡ್ಡಾಯ ಎಂದ 2005ರ ನಿಯಮದಲ್ಲಿ ಇವರು ಬಾಗಿಲಲ್ಲೇ ಹೊರಗೆ. ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯೂ ದಾರಿ ತಪ್ಪಿಸಬಹುದು. ಓಪಿಯಾಯ್ಡ್‌ನಿಂದ ಹೊಟ್ಟೆ ಖಾಲಿಯಾಗುವುದು ನಿಧಾನ, ಹಾಗಾಗಿ ಶುಗರ್ ರಕ್ತ ಸೇರುವುದೂ ನಿಧಾನ. ಮೆಥಡೋನ್ ಶುರುವಾದ ಮೇಲೆ ಬದುಕು ಒಂದು ಹಳಿಗೆ ಬರುತ್ತದೆ, ಸಿಹಿ ತಿನ್ನುವ ಆಸೆ ಹೆಚ್ಚುತ್ತದೆ, ತೂಕ ಏರುತ್ತದೆ. ಓಪಿಯಾಯ್ಡ್‌ಗಳು ಟೆಸ್ಟೋಸ್ಟೆರಾನ್ ತಗ್ಗಿಸುವುದರಿಂದ ಗಂಡಸರಲ್ಲಿ ಸ್ನಾಯು ಇಳಿದು ಹೊಟ್ಟೆಯ ಬೊಜ್ಜು ಬೆಳೆಯಲು ಅದೂ ಜೊತೆಗೂಡುತ್ತದೆ. ಮದ್ಯ ಬಿಟ್ಟವರಲ್ಲೂ ಸಿಹಿಯ ಆಸೆ ಹೊಸದಲ್ಲ. ಕುಡಿಯಬೇಕು ಅನಿಸಿದಾಗ ಸಿಹಿ ತಿನ್ನಿ ಅನ್ನುವ ಸಲಹೆಯನ್ನು ಕುಡಿತ ಬಿಡುವವರ ಸಂಘ ಆಲ್ಕೋಹಾಲಿಕ್ಸ್ ಅನಾನಿಮಸ್ 1939ರಲ್ಲೇ ಅಚ್ಚು ಹಾಕಿಸಿತ್ತು.

ಮನೋವೈದ್ಯರು ಈ ವಿಷಯದಲ್ಲಿ ಕಣ್ಣು ಮುಚ್ಚಿ ಕೂತಿರಲಿಲ್ಲ. ಓಲಾಂಜಪೈನ್‌ನಂಥ ಆಂಟಿಸೈಕೋಟಿಕ್ (ತೀವ್ರ ಮಾನಸಿಕ ಕಾಯಿಲೆಗೆ ಕೊಡುವ) ಮಾತ್ರೆಗಳಿಂದ ತೂಕ, ಶುಗರ್ ಏರುವುದು ಗೊತ್ತಾದ ಮೇಲೆ, 2004ರಲ್ಲಿ ಅಮೆರಿಕದ ಡಯಾಬಿಟಿಸ್ ಮತ್ತು ಮನೋವೈದ್ಯ ಸಂಘಗಳು ಯಾವ ವಾರ ಏನು ಅಳೆಯಬೇಕು ಅಂತ ಪಟ್ಟಿಯನ್ನೇ ಕೊಟ್ಟವು. ಆದರೆ ಅದು ಆಂಟಿಸೈಕೋಟಿಕ್ ತೆಗೆದುಕೊಳ್ಳುವವರಿಗಾಗಿ ಮಾಡಿದ ಪಟ್ಟಿ.

ಲಿವರ್ ವೈದ್ಯರದ್ದು ಇನ್ನೊಂದು ಗೋಡೆ. 1980ರಿಂದ ಕೊಬ್ಬು ತುಂಬಿದ ಲಿವರ್ (ಫ್ಯಾಟಿ ಲಿವರ್) ಕಾಯಿಲೆಗೆ ಎರಡೇ ಕೋಣೆ: ಕುಡಿಯುವವರದ್ದು, ಕುಡಿಯದವರದ್ದು. ಕುಡಿತವೂ ಇದೆ, ಹೊಟ್ಟೆಯೂ ಇದೆ ಅನ್ನುವವನನ್ನು ಎಲ್ಲಿ ಕೂರಿಸುವುದು? 2023ರಲ್ಲಿ ಹೆಸರುಗಳನ್ನೆಲ್ಲ ಬದಲಿಸಿದಾಗ ನಡುವೆ ಮೂರನೇ ಕೋಣೆ ಕಟ್ಟಿದರು. ಹೆಸರು ಮೆಟ್‌ಎಎಲ್‌ಡಿ. ಬೊಜ್ಜು, ಬಿಪಿ, ಶುಗರ್‌ನಂಥ ಒಂದಾದರೂ ಕಾರಣ ಇರಬೇಕು, ಜೊತೆಗೆ ವಾರಕ್ಕೆ ಗಂಡಸರು 210ರಿಂದ 420 ಗ್ರಾಂ, ಹೆಂಗಸರು 140ರಿಂದ 350 ಗ್ರಾಂ ಶುದ್ಧ ಮದ್ಯದಷ್ಟು ಕುಡಿಯುತ್ತಿರಬೇಕು. ಅದಕ್ಕಿಂತ ಜಾಸ್ತಿಯಾದರೆ ಮತ್ತೆ ಹಳೇ ಕೋಣೆ. ನಮ್ಮ 42ರ ರೋಗಿಯಂಥವರು ಆ ಮಿತಿಯನ್ನು ಎಷ್ಟೋ ಸಲ ದಾಟಿಯೇ ಇರುತ್ತಾರೆ.

ಹಾಗಾಗಿ ಅವನ ಎರಡು ರಿಪೋರ್ಟಿನಲ್ಲಿ ಯಾವುದನ್ನು ನಂಬಬೇಕು? ನನ್ನ ಮಟ್ಟಿಗೆ ಎರಡನ್ನೂ, ಆದರೆ ಬೇರೆ ಬೇರೆ ಪ್ರಶ್ನೆಗೆ ಉತ್ತರವಾಗಿ. ಮೊದಲನೆಯದು ಮದ್ಯ ಏನು ಮಾಡುತ್ತಿತ್ತು ಅಂತ ತೋರಿಸುತ್ತದೆ. ಎರಡನೆಯದು ಅದರ ಅಡಿಯಲ್ಲಿ ಏನು ಅಡಗಿತ್ತು, ಬಿಟ್ಟ ಮೇಲೆ ಏನು ಸೇರಿತು ಅನ್ನುವುದನ್ನು. ಎರಡನ್ನೂ ಓದಬೇಕಾದರೆ ಫೈಲಿನಲ್ಲಿ ಐದು ಅಂಕಿಗಳ ಪಕ್ಕ ಇನ್ನೊಂದು ಬೇಕು: ಕೊನೆಯ ಸಲ ಕುಡಿದು, ಅಥವಾ ಕೊನೆಯ ಡೋಸ್ ತೆಗೆದುಕೊಂಡು, ಎಷ್ಟು ದಿನ ಆಯಿತು ಅನ್ನುವುದು. ಸಾಮಾನ್ಯ ಲ್ಯಾಬ್ ಫಾರಂನಲ್ಲಿ ಊಟ ಮಾಡಿ ಎಷ್ಟು ಗಂಟೆ ಆಯಿತು ಅಂತ ಬರೆಯಲು ಜಾಗ ಇರುತ್ತದೆ. ಅದರ ಕೆಳಗೇ ಪೆನ್ನಿನಲ್ಲಿ ಇನ್ನೊಂದು ಗೆರೆ ಎಳೆದರೆ ಸಾಕು.