ಗಾಂಧಿ ಬಜಾರ್‌ನಲ್ಲಿ ರಾತ್ರಿ ಒಂಬತ್ತಾದರೆ: ಶಿವಮೊಗ್ಗದ ಭಯ ಎಲ್ಲಿಂದ ಬಂತು?

ಶಿವಮೊಗ್ಗ ಸೇಫಾ? ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಹೊರಗಿನವರು. ಮಗಳನ್ನು ಇಲ್ಲಿನ ಕಾಲೇಜಿಗೆ ಸೇರಿಸಬೇಕೆಂದಿರುವ ಹಾವೇರಿಯ ಅಪ್ಪ ಕೇಳುತ್ತಾರೆ. ಜೋಗಕ್ಕೆ ಹೋಗುವ ದಾರಿಯಲ್ಲಿ ಒಂದು ರಾತ್ರಿ ತಂಗಬೇಕಾದವರು ಕೇಳುತ್ತಾರೆ. ಊರಿನವರನ್ನು ಕೇಳಿದರೆ 'ಏನೂ ಇಲ್ಲ, ಟಿವಿಯವರು ಸುಮ್ನೆ ದೊಡ್ಡದು ಮಾಡ್ತಾರೆ' ಅನ್ನುತ್ತಾರೆ. ಆದರೆ ಅದೇ ಜನ ಸಂಜೆ ಪೇಟೆಗೆ ಹೊರಟ ಮಕ್ಕಳಿಗೆ 'ಗಾಂಧಿ ಬಜಾರ್ ಕಡೆ ಜಾಸ್ತಿ ಹೊತ್ತು ಇರ್ಬೇಡ, ಬೇಗ ಬಾ' ಅಂತಲೂ ಹೇಳುತ್ತಾರೆ. ಎರಡೂ ಮಾತು ಒಂದೇ ಬಾಯಿಂದ ಬರುತ್ತವೆ. ಎರಡೂ ಸುಳ್ಳಲ್ಲ.

ಮೊದಲು ಪೇಟೆ ಅಂದರೆ ಎಷ್ಟು ಅಂತ ಹೇಳಿಬಿಡುತ್ತೇನೆ. ತುಂಗೆಯ ದಡದಲ್ಲಿ ಕೋಟೆ. ಅಲ್ಲಿಂದ ಎಸ್‌ಪಿಎಂ ರಸ್ತೆ, ಗಾಂಧಿ ಬಜಾರ್, ಶಿವಪ್ಪ ನಾಯಕ ವೃತ್ತ, ಅಮೀರ್ ಅಹ್ಮದ್ ವೃತ್ತ, ನೆಹರೂ ರಸ್ತೆ, ಗೋಪಿ ವೃತ್ತ, ದುರ್ಗಿಗುಡಿ. ಸುಮ್ಮನೆ ನಡೆದರೆ ಅರ್ಧ ಗಂಟೆಯ ದಾರಿ. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 3.22 ಲಕ್ಷ ಇತ್ತು. ಈಗ ಗೋಪಾಳ, ವಿನೋಬನಗರ ದಾಟಿ ಬಡಾವಣೆಗಳು ಬೆಳೆದಿವೆ. ಅಲ್ಲಿ ವಾಸ ಮಾಡುವವರಿಗೆ ಪೇಟೆ ಅಂದರೆ ವಾರಕ್ಕೊಮ್ಮೆ ಹೋಗಿ ಬರುವ ಜಾಗ. ಆದರೂ 'ಶಿವಮೊಗ್ಗ ಉದ್ವಿಗ್ನ' ಅಂತ ಸುದ್ದಿ ಬಂದಾಗ ಎಲ್ಲರ ಕಣ್ಣಿಗೆ ಬರುವುದು ಈ ಅರ್ಧ ಗಂಟೆಯ ದಾರಿಯೇ.

ಈ ಊರು ಗಲಾಟೆ ಕಂಡಿದ್ದು ಇವತ್ತು ನಿನ್ನೆಯಲ್ಲ. ಕೆಳದಿ ಅರಸರು ಹೋಗಿ ಹೈದರಾಲಿ ಬಂದ, 1791ರ ಕೊನೆಗೆ ಮರಾಠರ ಸೇನೆ ಬಂದು ಸುತ್ತಮುತ್ತ ಕೊಳ್ಳೆ ಹೊಡೆಯಿತು, 1830ರ ನಗರ ದಂಗೆ ಮೈಸೂರು ಅರಸರ ಕೈಯಿಂದ ಆಡಳಿತವನ್ನೇ ತಪ್ಪಿಸಿತು. 1899ರಲ್ಲಿ ಬೀರೂರಿನಿಂದ ರೈಲು ಬಂದ ಮೇಲೆ ಅಡಿಕೆ, ಅಕ್ಕಿ, ಮರದ ವ್ಯಾಪಾರ ಕುದುರಿತು. ಮಲೆನಾಡಿನ ಬೆಳೆಗಾರ ಮಂಡಿಯಲ್ಲಿ ಅಡಿಕೆ ಹಾಕಿ, ಕೈಗೆ ಬಂದ ದುಡ್ಡಿನಲ್ಲಿ ಗಾಂಧಿ ಬಜಾರ್‌ನಲ್ಲಿ ಬಟ್ಟೆ, ಬಂಗಾರ, ಪಾತ್ರೆ ಕೊಂಡು, ತೀರ್ಥಹಳ್ಳಿ ಅಥವಾ ಹೊಸನಗರದ ಕಡೇ ಬಸ್ ಹತ್ತುತ್ತಿದ್ದ. ಪೇಟೆಯ ಗಡಿಯಾರ ಆ ಕಡೇ ಬಸ್ಸಿಗೆ ತಕ್ಕಂತೆ ಓಡುತ್ತಿತ್ತು. ಇಲ್ಲಿ ಅಂಗಡಿಗಳು ಬೇಗ ಬಾಗಿಲು ಹಾಕುವ ರೂಢಿಗೆ ಭಯವೊಂದೇ ಕಾರಣವಲ್ಲ ಅನ್ನುವುದನ್ನು ನೆನಪಿಟ್ಟುಕೊಳ್ಳಬೇಕು.

ಆಮೇಲೆ ಬಂದಿದ್ದು ರೌಡಿಗಳ ಕಾಲ. ಓಸಿ ಅನ್ನುವ ಮಟ್ಕಾ ಜೂಜು, ಇಸ್ಪೀಟು, ಮೀಟರ್ ಬಡ್ಡಿ, ನಂತರ ಮರಳು, ಸೈಟು. ದುಡ್ಡು ಇದ್ದಲ್ಲಿ ಕಾಯುವವರು, ಕಾಯುವವರಿದ್ದಲ್ಲಿ ಹೊಡೆದಾಟ. ರಾಜ್ಯದಲ್ಲಿ ಗೂಂಡಾ ಕಾಯ್ದೆ ಬಂದಿದ್ದು 1985ರಲ್ಲಿ. ರೌಡಿ ಶೀಟ್, ರೌಡಿ ಪರೇಡ್, ಗಡಿಪಾರು ಈ ಊರಿನ ಪತ್ರಿಕೆ ಓದುವವರಿಗೆಲ್ಲ ಬಾಯಿಪಾಠ. ಒಂದು ವಿಷಯ ಮಾತ್ರ ಗಮನಿಸಬೇಕು. ಆ ಕಾಲದ ಕೊಲೆ, ಹಲ್ಲೆಗಳ ಬಗ್ಗೆ ಜನ ಮಾತಾಡಿಕೊಳ್ಳುತ್ತಿದ್ದರು, ಆದರೆ ಅಂಗಡಿ ಮುಚ್ಚುತ್ತಿರಲಿಲ್ಲ. 'ಅವರವರ ಜಗಳ' ಅಂತ ಬಿಟ್ಟುಬಿಡುತ್ತಿದ್ದರು. ಬಡ್ಡಿ ವ್ಯವಹಾರಕ್ಕೆ ಬೀಳದವನಿಗೆ, ಓಸಿ ಚೀಟಿ ಬರೆಸದವನಿಗೆ ಅದು ಪಕ್ಕದ ಬೀದಿಯ ಸುದ್ದಿ. ಈ ನಿಶ್ಚಿಂತೆ ಸರಿಯೇ ತಪ್ಪೇ ಬೇರೆ ಮಾತು. ಪೇಟೆ ನಡೆಯುತ್ತಿದ್ದದ್ದು ಆ ನಿಶ್ಚಿಂತೆಯ ಮೇಲೆ.

ಅದು ಮುರಿದದ್ದು ಕಳೆದ ದಶಕದಲ್ಲಿ. 2015ರ ಫೆಬ್ರವರಿಯಲ್ಲಿ ಒಂದು ಸಮಾವೇಶದ ದಿನ ಕೋಮು ಗಲಭೆಯಾಗಿ ಒಬ್ಬರ ಜೀವ ಹೋಯಿತು. 2020ರ ಡಿಸೆಂಬರ್‌ನಲ್ಲಿ ಹಿಂದೂ ಸಂಘಟನೆಯ ಒಬ್ಬ ಕಾರ್ಯಕರ್ತನ ಮೇಲೆ ಹಲ್ಲೆಯಾಗಿ ಹಳೇ ಪೇಟೆಯಲ್ಲಿ ಕಲ್ಲು ತೂರಾಟ, ನಿಷೇಧಾಜ್ಞೆ. ಈಗ ಭಯದ ಲೆಕ್ಕ ಬದಲಾಯಿತು. ಮೊದಲು 'ನಾನು ಯಾರ ಜೊತೆ ವ್ಯವಹಾರ ಮಾಡಿದ್ದೇನೆ' ಅನ್ನುವುದರ ಮೇಲೆ ಅಪಾಯ ನಿಂತಿತ್ತು. ಈಗ ಹೆಸರು, ಹಣೆ, ಟೋಪಿ, ನಿಂತಿರುವ ಬೀದಿ ಇವುಗಳ ಮೇಲೆ ನಿಂತಿತು. ತನ್ನ ಪಾಡಿಗೆ ಇರುವವನಿಗೂ ಇದರಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ, ಅಲ್ವಾ?

2022 ಈ ಕಥೆಯ ನಡುವಿನ ವರ್ಷ. ಫೆಬ್ರವರಿ 20, ಭಾನುವಾರ ರಾತ್ರಿ, ಹಿಂದೂ ಸಂಘಟನೆಯ, ಸೀಗೆಹಟ್ಟಿಯ ಒಬ್ಬ ಯುವ ಕಾರ್ಯಕರ್ತನ ಕೊಲೆಯಾಯಿತು. ಮರುದಿನ ಮೆಗ್ಗಾನ್ ಆಸ್ಪತ್ರೆಯಿಂದ ಹೊರಟ ಮೆರವಣಿಗೆಯ ದಾರಿಯಲ್ಲಿ ಕಲ್ಲು ಬಿದ್ದವು, ವಾಹನಗಳು ಸುಟ್ಟವು. ಶಾಲೆ ಕಾಲೇಜುಗಳಿಗೆ ರಜೆ, ಕರ್ಫ್ಯೂ, ಬೀದಿಯ ಬಾಯಲ್ಲೆಲ್ಲ ಬ್ಯಾರಿಕೇಡ್. ತನಿಖೆ ಕೇಂದ್ರದ ರಾಷ್ಟ್ರೀಯ ತನಿಖಾ ದಳಕ್ಕೆ (ಎನ್‌ಐಎ) ಹೋಯಿತು. ಕೊರೊನಾ ಲಾಕ್‌ಡೌನ್ ಮುಗಿದು ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ವ್ಯಾಪಾರಸ್ಥರಿಗೆ ಇದು ಮತ್ತೊಂದು ಲಾಕ್‌ಡೌನ್. ಈ ಸಲ ಯಾವಾಗ ಮುಗಿಯುತ್ತದೆ ಅಂತ ಹೇಳುವವರೂ ಇರಲಿಲ್ಲ.

ಇಷ್ಟನ್ನು ಎಲ್ಲರೂ ಬರೆದಿದ್ದಾರೆ. ಅದಾದ ಒಂದು ತಿಂಗಳಿಗೆ ಏನಾಯಿತು ಅನ್ನುವುದನ್ನು ಮಾತ್ರ ಹೊರಗಿನವರು ಅಷ್ಟಾಗಿ ನೆನೆಯುವುದಿಲ್ಲ. ಮಾರ್ಚ್ 22, ಮಂಗಳವಾರ, ಕೋಟೆ ಮಾರಿಕಾಂಬಾ ಜಾತ್ರೆ ಶುರುವಾಯಿತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಅಮ್ಮನ ತವರು ಗಾಂಧಿ ಬಜಾರ್. ಮೊದಲ ದಿನ ಅಲ್ಲೇ ಪೂಜೆ, ಮಡಿಲಕ್ಕಿ. ಆಮೇಲೆ ಕೋಟೆಯ ಗದ್ದುಗೆಗೆ. ಆ ಮಂಗಳವಾರ ಗಾಂಧಿ ಬಜಾರ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಮಕ್ಕಳ ಕೈ ಹಿಡಿದು ಸರದಿಯಲ್ಲಿ ನಿಂತಿದ್ದರು. ಒಂದು ತಿಂಗಳ ಹಿಂದೆ ಕರ್ಫ್ಯೂ ಇದ್ದ ಅದೇ ಬೀದಿ. ಜಾತ್ರೆಯ ಮಳಿಗೆ ಯಾವ ಸಮುದಾಯದವರು ಹಾಕಬಹುದು ಅನ್ನುವ ವಿವಾದ ಅದೇ ಹೊತ್ತಿಗೆ ಎದ್ದಿತು. ಎಷ್ಟೋ ವರ್ಷದಿಂದ ಬಳೆ, ಆಟದ ಸಾಮಾನು ಮಾರಿಕೊಂಡಿದ್ದವರು ಆ ವರ್ಷ ಹೊರಗುಳಿದರು. ಅವರಿಗೆ ಆ ವರ್ಷದ ಪೇಟೆ ಸುರಕ್ಷಿತವಾಗಿತ್ತೇ ಅಂತ ಯಾರೂ ಕೇಳಲಿಲ್ಲ. ಕಲ್ಲು ಬೀಳದಿದ್ದರೆ ಶಾಂತಿ ಅಂತ ಬರೆದುಕೊಳ್ಳುವುದು ನಮ್ಮ ಅಭ್ಯಾಸ.

ಆಗಸ್ಟ್ 15ಕ್ಕೆ ಮತ್ತೆ ಶುರು. ಅಮೀರ್ ಅಹ್ಮದ್ ವೃತ್ತದಲ್ಲಿ ಸಾವರ್ಕರ್ ಫ್ಲೆಕ್ಸ್ ಕಟ್ಟಿದ್ದಕ್ಕೆ ಆಕ್ಷೇಪ, ಟಿಪ್ಪು ಫ್ಲೆಕ್ಸ್ ಕಟ್ಟಲು ಇನ್ನೊಂದು ಗುಂಪು. ಸಂಜೆ ಹೊತ್ತಿಗೆ ಗಾಂಧಿ ಬಜಾರ್‌ನಲ್ಲಿ ಒಬ್ಬ ಯುವಕನಿಗೆ ಚೂರಿ ಇರಿತ. ಮತ್ತೆ ನಿಷೇಧಾಜ್ಞೆ. ಈ ಸಲ ಬಂದ ನಿಯಮಗಳು ಜನರಿಗೆ ಇನ್ನೂ ನೆನಪಿವೆ: ರಾತ್ರಿ ಒಂಬತ್ತರ ಮೇಲೆ ಬೈಕ್ ಓಡಿಸುವಂತಿಲ್ಲ, ಹಗಲಲ್ಲೂ ಬೈಕಿನ ಹಿಂದೆ ಗಂಡಸರನ್ನು ಕೂರಿಸಿಕೊಳ್ಳುವಂತಿಲ್ಲ. ಚೂರಿ ಹಾಕುವವರು ಬೈಕಿನಲ್ಲಿ ಇಬ್ಬರು ಬರುತ್ತಾರೆ ಅನ್ನುವ ಅನುಭವದಿಂದ ಪೊಲೀಸರು ಮಾಡಿದ ನಿಯಮ ಅದು. ಆದರೆ ಅಣ್ಣನ ಬೈಕಿನಲ್ಲಿ ಅಂಗಡಿ ಕೆಲಸಕ್ಕೆ ಬರುವ ತಮ್ಮ ಏನು ಮಾಡಬೇಕು? ನಿಯಮ ಹೋದ ಮೇಲೂ ಒಂಬತ್ತು ಗಂಟೆ ಅನ್ನುವ ಗೆರೆ ಮನಸ್ಸಿನಲ್ಲಿ ಉಳಿಯಿತು ಅಂತ ನನಗನ್ನಿಸುತ್ತದೆ. ಇದರಲ್ಲಿ ಒಂದು ತಮಾಷೆಯೂ ಇದೆ. 2021ರ ಜನವರಿಯಲ್ಲೇ ರಾಜ್ಯ ಸರ್ಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಅಂಗಡಿಗಳು ದಿನವಿಡೀ ತೆರೆದಿರಬಹುದು ಅಂತ ಆದೇಶ ಹೊರಡಿಸಿತ್ತು. ನಮ್ಮ ಪೇಟೆಗೆ ಆ ಆದೇಶ ತಲುಪಿದ ಹಾಗೆ ಕಾಣುವುದಿಲ್ಲ.

2023ರಲ್ಲಿ ಗಣಪತಿ ವಿಸರ್ಜನೆ ಮತ್ತು ಈದ್ ಮಿಲಾದ್ ಒಟ್ಟಿಗೆ ಬಂದವು. ಹಿಂದೂ ಮಹಾಸಭಾ ಗಣಪತಿ ಕೋಟೆಯಿಂದ ಹೊರಟು ಗಾಂಧಿ ಬಜಾರ್, ನೆಹರೂ ರಸ್ತೆ, ದುರ್ಗಿಗುಡಿ ಸುತ್ತಿ ತುಂಗೆಗೆ ಬರುವಷ್ಟರಲ್ಲಿ ರಾತ್ರಿ ಬಹಳ ಹೊತ್ತಾಗುತ್ತದೆ. ಹಾಗಾಗಿ ಈದ್ ಮೆರವಣಿಗೆಯನ್ನು ಅಕ್ಟೋಬರ್ 1ಕ್ಕೆ ಇಟ್ಟುಕೊಂಡರು. ಎಲ್ಲರ ಕಣ್ಣೂ ಗಾಂಧಿ ಬಜಾರ್ ಮೇಲಿತ್ತು. ಗಣಪತಿ ಶಾಂತವಾಗಿ ಮುಗಿಯಿತು. ಕಲ್ಲು ಬಿದ್ದದ್ದು ಈದ್ ಮೆರವಣಿಗೆಯ ದಿನ, ಊರಿನ ಅಂಚಿನ ರಾಗಿಗುಡ್ಡದಲ್ಲಿ. ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಗಿ ಆಗಿನ್ನೂ ಏಳು ತಿಂಗಳು. ಊರಿನ ಹೆಸರು ಒಳ್ಳೆಯ ಕಾರಣಕ್ಕೆ ಕೇಳಿಬರುತ್ತಿದ್ದ ವರ್ಷ ಅದು.

ಹಾಗಾದರೆ ಅಪರಾಧ ನಿಜಕ್ಕೂ ಜಾಸ್ತಿಯಾಗಿದೆಯೇ? ಇದಕ್ಕೆ ನೇರ ಉತ್ತರ ಕೊಡಲು ನಮ್ಮ ಲೆಕ್ಕದ ಪದ್ಧತಿಯೇ ಬಿಡುವುದಿಲ್ಲ. ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ತನ್ನ ವಾರ್ಷಿಕ ವರದಿಯಲ್ಲಿ ನಗರವಾರು ಅಂಕಿ ಕೊಡುವುದು 20 ಲಕ್ಷ ಜನಸಂಖ್ಯೆ ದಾಟಿದ ಮಹಾನಗರಗಳಿಗೆ. ಶಿವಮೊಗ್ಗದಂಥ ಊರು ಅದರಲ್ಲಿ ಜಿಲ್ಲೆಯೊಳಗೆ ಸೇರಿಹೋಗುತ್ತದೆ. ಸೊರಬದ ಜಮೀನು ತಕರಾರು, ಸಾಗರದ ಅಡಿಕೆ ಕಳವು, ಗಾಂಧಿ ಬಜಾರ್‌ನ ಹೊಡೆದಾಟ ಎಲ್ಲವೂ ಒಂದೇ ಲೆಕ್ಕ. ಇನ್ನೊಂದು ತೊಡಕೂ ಇದೆ. ಪೊಲೀಸರು ಗಸ್ತು ಹೆಚ್ಚಿಸಿದರೆ ಪಿಟ್ಟಿ ಕೇಸು, ಅಂದರೆ ಸಣ್ಣಪುಟ್ಟ ಕೇಸು, ಹೆಚ್ಚುತ್ತವೆ. ಕೇಸು ಹೆಚ್ಚಾದ ತಿಂಗಳು ಊರು ಕೆಟ್ಟಿತು ಅಂತಲೂ ಓದಬಹುದು, ಪೊಲೀಸರು ಎಚ್ಚರವಾಗಿದ್ದರು ಅಂತಲೂ ಓದಬಹುದು. ಯಾರಿಗೆ ಯಾವುದು ಬೇಕೋ ಅದನ್ನು ಓದುತ್ತಾರೆ.

ಠಾಣೆಗಳಿಂದ ಬರುವ ದಿನದಿನದ ಸುದ್ದಿ ನೋಡಿದರೆ ಸಾಮಾನ್ಯ ಮನುಷ್ಯನ ಜೇಬಿಗೆ, ಕೊರಳಿಗೆ ಕೈ ಹಾಕುವ ಅಪರಾಧಗಳು ಬೇರೆ ಕಡೆ ಇವೆ. ಬಸ್ ಹತ್ತುವ ನೂಕುನುಗ್ಗಲಿನಲ್ಲಿ ವ್ಯಾನಿಟಿ ಬ್ಯಾಗಿನ ಬಂಗಾರ ಹೋಗುತ್ತದೆ. ಬಡಾವಣೆಯ ಖಾಲಿ ರಸ್ತೆಯಲ್ಲಿ ವಾಕಿಂಗ್ ಹೋದ ಹೆಂಗಸಿನ ಸರ ಹೋಗುತ್ತದೆ. ಮದುವೆಗೆ ಹೋದವರ ಮನೆಯ ಬೀಗ ಮುರಿಯುತ್ತದೆ. ಮನೆಯಲ್ಲಿ ಕೂತವರ ಬ್ಯಾಂಕ್ ಖಾತೆ ಫೋನಿನಲ್ಲೇ ಖಾಲಿಯಾಗುತ್ತದೆ. ಕೊನೆಯದಕ್ಕೆ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡುವ ಜಿಲ್ಲೆಗೊಂದು ಸಿಇಎನ್ ಠಾಣೆ, 1930 ಅನ್ನುವ ಸಹಾಯವಾಣಿ ಬಂದಿವೆ. ದುಡ್ಡು ಹೋದ ಕೂಡಲೇ ಕರೆ ಮಾಡಿದರೆ ಅದನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶವಿದೆ. ಇಷ್ಟಾದರೂ ಫೋನ್ ಎತ್ತುವಾಗ ಹೆದರದ ನಾವು ಅಮೀರ್ ಅಹ್ಮದ್ ವೃತ್ತ ದಾಟುವಾಗ ಹೆದರುತ್ತೇವೆ.

ಅದಕ್ಕೆ ಮದ್ದು ಏನು ಕೊಟ್ಟರು? ಬಂದೋಬಸ್ತ್. ಹಬ್ಬ ಬಂದರೆ ಶಾಂತಿ ಸಭೆ, ಪಥಸಂಚಲನ, ಹೊರ ಜಿಲ್ಲೆಗಳಿಂದ ಪೊಲೀಸರು. ಗಲಭೆ ತಡೆಯುವ ಕೇಂದ್ರದ ಕ್ಷಿಪ್ರ ಕಾರ್ಯಪಡೆಯ ಘಟಕಕ್ಕೆ 2021ರ ಜನವರಿಯಲ್ಲಿ ಪಕ್ಕದ ಭದ್ರಾವತಿಯಲ್ಲೇ ಶಂಕುಸ್ಥಾಪನೆ ಆಯಿತು. ಇಲ್ಲಿ ಪೊಲೀಸ್ ಕಮಿಷನರ್ ಇಲ್ಲ, ನಿಷೇಧಾಜ್ಞೆ ಹೊರಡಿಸುವುದು ಜಿಲ್ಲಾಧಿಕಾರಿ. ಹಿಂದೆ 144 ಅನ್ನುತ್ತಿದ್ದದ್ದು 2024ರ ಜುಲೈಯಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಸಂಜೆ ಹೊತ್ತು ಪೊಲೀಸರು ಗುಂಪಾಗಿ ಕಾಲ್ನಡಿಗೆಯಲ್ಲಿ ಪೇಟೆ ಸುತ್ತುವ ಪದ್ಧತಿಯೂ ಬಂತು. ಇದರಿಂದ ಉಪಯೋಗವಿಲ್ಲ ಅನ್ನಲಾರೆ. ನಡೆದು ಬರುವ ಪೇದೆಯ ಮುಖ ಅಂಗಡಿಯವನಿಗೆ ಗುರುತಾಗುತ್ತದೆ, ಜೀಪಿನಲ್ಲಿ ಹೋಗುವವನದು ಆಗುವುದಿಲ್ಲ. ಆದರೆ ಮಾಮೂಲಿ ಮಂಗಳವಾರ ಸಂಜೆಯೂ ಬೀದಿಯ ತುದಿಯಲ್ಲಿ ಪೊಲೀಸ್ ವ್ಯಾನ್ ನಿಂತಿದ್ದರೆ, ಸೀರೆ ಕೊಳ್ಳಲು ಬಂದವರು ಮೊದಲು ಕೇಳುವುದು 'ಇವತ್ತೇನಾಯ್ತು?' ಅಂತ.

ಇನ್ನೊಂದು ಮದ್ದು ಸ್ಮಾರ್ಟ್ ಸಿಟಿ. 2016ರ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಆ ಪಟ್ಟಿಗೆ ಸೇರಿತು. ವರ್ಷಗಟ್ಟಲೆ ರಸ್ತೆ ಅಗೆದು ಮುಗಿಸಿದ ಮೇಲೆ ಫುಟ್‌ಪಾತ್, ನೆಲದಡಿಯ ಕೇಬಲ್, ಕ್ಯಾಮೆರಾ, ಎಲ್ಲವನ್ನೂ ಒಂದೇ ಕಡೆ ಕೂತು ನೋಡುವ ಕಮಾಂಡ್ ಸೆಂಟರ್ ಬಂದವು. ದುರ್ಗಿಗುಡಿ ಸುತ್ತಿನ ಕನ್ಸರ್‌ವೆನ್ಸಿ ಗಲ್ಲಿಗಳಿಗೂ ಕಲ್ಲು ಹಾಸಿದರು. ಅಂಗಡಿಗಳ ಹಿಂಭಾಗದ ಈ ಗಲ್ಲಿಗಳೇ ಹೆಂಗಸರು ಕತ್ತಲಾದ ಮೇಲೆ ಕಾಲಿಡದ ಜಾಗಗಳು. ಕಲ್ಲು ಹಾಸಿದ್ದು ಒಳ್ಳೆಯದೇ. ಆದರೆ ಅಲ್ಲಿ ಒಂದು ಟೀ ಅಂಗಡಿ, ಒಂದು ಇಸ್ತ್ರಿ ಗಾಡಿ ಇರುವವರೆಗೂ ಜನ ಓಡಾಡುತ್ತಾರೆ. ಅವರನ್ನು ಒತ್ತುವರಿ ಅಂತ ಎಬ್ಬಿಸಿದರೆ ಮತ್ತೆ ಖಾಲಿ. ಕ್ಯಾಮೆರಾ ಆದದ್ದನ್ನು ಹಿಡಿದುಕೊಡುತ್ತದೆ. ಆಗುವ ಮೊದಲು 'ಏಯ್, ಯಾರದು?' ಅಂತ ಕೂಗುವವರು ಬೀದಿಯಲ್ಲಿ ವಾಸ ಮಾಡುವವರು. ಹಳೇ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇದ್ದವರು ಬಡಾವಣೆಗೆ ಹೋದ ಹಾಗೆಲ್ಲ ಮಹಡಿಗಳು ಗೋದಾಮುಗಳಾದವು. ರಾತ್ರಿ ಕಿಟಕಿಯಲ್ಲಿ ದೀಪವಿಲ್ಲದ ಬೀದಿಗೆ ಎಷ್ಟು ಕ್ಯಾಮೆರಾ ಹಾಕಿದರೂ ಅದು ಖಾಲಿ ಬೀದಿಯೇ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ ನಿಲ್ದಾಣದಲ್ಲಿ ಹೆಂಗಸರ ಓಡಾಟ ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಸಂಜೆ ಕೆಲಸ ಬಿಟ್ಟು, ನಾಲ್ಕು ಅಂಗಡಿ ಸುತ್ತಿ, ಬಸ್ ಹಿಡಿಯುವವರು. ಪೇಟೆಯ ಭಯ ಕಡಿಮೆ ಮಾಡುವ ಕೆಲಸವನ್ನು ಇವರು ಗೊತ್ತಿಲ್ಲದೆಯೇ ಮಾಡುತ್ತಿದ್ದಾರೆ. ಅವರಿಗೆ ಬೇಕಾದ್ದು ದೊಡ್ಡದೇನಲ್ಲ: ಗಾಂಧಿ ಬಜಾರ್‌ನಿಂದ ಬಸ್ ನಿಲ್ದಾಣದವರೆಗೆ ಉರಿಯುವ ದೀಪಗಳು, ಬಾಗಿಲಿರುವ ಶೌಚಾಲಯ, ಎಂಟೂವರೆಯ ಮೇಲೂ ಒಂದು ಬಸ್. ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್, ಅಲ್ಲಿ ಶಕ್ತಿ ಟಿಕೆಟ್ ನಡೆಯುವುದೂ ಇಲ್ಲ.

ಇಂಥ ಸಣ್ಣ ಬೇಡಿಕೆಗಳನ್ನು ಕೇಳಬೇಕಾದ್ದು ಪಾಲಿಕೆಯಲ್ಲಿ. ಹಿಂದಿನ ಕೌನ್ಸಿಲ್‌ನ ಅವಧಿ 2023ರ ನವೆಂಬರ್‌ಗೆ ಮುಗಿದು ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಮೊದಲು ಬೀದಿ ದೀಪ ಕೆಟ್ಟರೆ ವಾರ್ಡಿನ ಕಾರ್ಪೊರೇಟರ್‌ಗೆ ಫೋನ್ ಮಾಡಿ ಬೈಯಬಹುದಿತ್ತು. ಬೈದರೆ ಎರಡು ದಿನದಲ್ಲಿ ಏಣಿ ಹೊತ್ತವನು ಬರುತ್ತಿದ್ದ. ಕೌನ್ಸಿಲ್ ಹೋದ ಮೇಲೆ ಹಾಗೆ ಬೈಸಿಕೊಳ್ಳಲು ವಾರ್ಡಿನಲ್ಲಿ ಯಾರೂ ಉಳಿಯಲಿಲ್ಲ.